ನೀರು ಮಡಿಕೇರಿಯಲ್ಲಿ, ಬಿಸಿಲು ಕುಶಾಲನಗರದಲ್ಲಿ

ಕಳೆದ ವಾರ ಮಡಿಕೇರಿ–ಕುಶಾಲನಗರ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ಹೆಂಗಸು ಬಂದು ಕೂತಳು. ಕಾಲ ಬುಡದಲ್ಲಿ ಪ್ಲಾಸ್ಟಿಕ್ ಚೀಲ, ಅದರ ತುಂಬ ಅರೆಬರೆ ಒಣಗಿದ ಬಟ್ಟೆ. ಮಗಳು ಹೆತ್ತು ಆಸ್ಪತ್ರೆಯಲ್ಲಿದ್ದಾಳೆ, ಒಗೆದದ್ದು ಒಂದೂ ಒಣಗಲಿಲ್ಲ, ಹಾಗೇ ತುರುಕಿಕೊಂಡು ಬಂದೆ ಎಂದಳು. "ವಾಸನೆ ಬರ್ತದಾ ಅಕ್ಕ? ಬೇಕಾದ್ರೆ ಆಚೆ ಇಡ್ತೇನೆ."

ಇರಲಿ ಬಿಡಿ ಎಂದೆ. ಅದೊಂದು ಹುಳಿ ವಾಸನೆ. ಆಷಾಢದಲ್ಲಿ ಹತ್ತಿ ಬಟ್ಟೆಗೆ ಮಾತ್ರ ಬರುವಂಥದ್ದು. ಬೇರೆಯವರಿಗೆ ಅದು ಮುಗ್ಗಲು ನಾತ. ನನಗೆ ನನ್ನ ಸಂಸಾರದ ವಾಸನೆ. ಬಸ್ಸು ಆನೆಕಾಡು ದಾಟಿ ಹೊರಗೆ ಬಿಸಿಲು ಕಾಣಿಸುವವರೆಗೂ ನಾನು ಕಿಟಕಿ ಸರಿಸಲಿಲ್ಲ.

ನಮ್ಮದು ಬಟ್ಟೆ ಒಗೆಯುವ ಕೆಲಸ. ನನ್ನ ಯಜಮಾನರು ದಯಾನಂದ ಅಂತ. ಮೊದಲು ಒಂದು ಎಸ್ಟೇಟಿನಲ್ಲಿ ಡ್ರೈವರ್ ಆಗಿದ್ದರು. ಮಡಿಕೇರಿಯಲ್ಲಿ ಮನೆಗೊಂದು ಹೋಂಸ್ಟೇ ಆಗತೊಡಗಿದಾಗ, ಅಲ್ಲಿನ ಹಾಸಿಗೆ ಬಟ್ಟೆ, ದಿಂಬಿನ ಕವರು, ಟವೆಲ್ಲುಗಳನ್ನು ಒಗೆದು ಕೊಡುವ ಕೆಲಸ ಹಿಡಿದರು. ನಮ್ಮ ಮನೆ ರಸ್ತೆಯಿಂದ ಮೇಲೆ, ಕಲ್ಲು ಮೆಟ್ಟಿಲು ಹತ್ತಿ ಹೋಗಬೇಕು. ಮನೆಯ ಹಿಂದೆ ಬರೆ, ಅಂದರೆ ಗುಡ್ಡ ಕಡಿದಾಗ ಉಳಿದ ಮಣ್ಣಿನ ಗೋಡೆ. ಆ ಬರೆಯ ಬುಡದಿಂದ ಒಂದು ಒರತೆ ಸದಾ ಹರಿಯುತ್ತದೆ. ಪೈಪು ಸಿಕ್ಕಿಸಿದರೆ ತೊಟ್ಟಿ ತಾನಾಗಿ ತುಂಬುತ್ತದೆ. ಅಷ್ಟು ತಣ್ಣಗಿನ, ಅಷ್ಟು ಮೆದು ನೀರು. ಸೋಪು ಸ್ವಲ್ಪ ಹಾಕಿದರೂ ನೊರೆ ಬರುತ್ತಿತ್ತು. ಒಗೆಯುವವರಿಗೆ ಅಂಥ ನೀರು ಸಿಕ್ಕರೆ ಅರ್ಧ ಕೆಲಸ ಆದಂತೆ.

ಉಳಿದ ಅರ್ಧಕ್ಕೆ ಬಿಸಿಲು ಬೇಕು. ಮಡಿಕೇರಿಯ ಮಳೆಗಾಲದಲ್ಲಿ ಅದನ್ನು ಎಲ್ಲಿಂದ ತರುವುದು? ಮೊದಮೊದಲು ಕೋಣೆಯೊಳಗೆ ಕೆಂಡ ಹಾಕಿ, ಮೇಲೆ ಬೆತ್ತದ ಬುಟ್ಟಿ ಕವುಚಿ, ಅದರ ಮೇಲೆ ಒಂದೊಂದೇ ಹರವಿ ಒಣಗಿಸುತ್ತಿದ್ದೆವು. ಹೋಂಸ್ಟೇಗೆ ಬಂದವರು ದಿಂಬಿನಿಂದ ಹೊಗೆ ವಾಸನೆ ಬರುತ್ತದೆ ಎಂದು ದೂರಿದರು. ಒಣಗಿಸುವ ಮೆಷಿನ್ನು ತಂದರೆ ಕರೆಂಟು ಇರುತ್ತಿರಲಿಲ್ಲ. ಕೊನೆಗೆ ಇವರೇ ಒಂದು ದಾರಿ ಕಂಡುಹಿಡಿದರು. ನಾನು ಒಗೆದು, ಹಿಂಡಿ ಇಟ್ಟದ್ದನ್ನು ಬೆಳಿಗ್ಗೆ ಹಳೆಯ ಓಮ್ನಿಗೆ ತುಂಬಿಕೊಂಡು ಕುಶಾಲನಗರಕ್ಕೆ ಇಳಿಯುವುದು, ಅಲ್ಲಿ ಒಂದು ಮನೆಯ ತಾರಸಿ ಮೇಲೆ ಹರವುವುದು, ಒಣಗಿದ ಮೇಲೆ ಮಡಚಿ ಸಂಜೆಗೆ ಮೇಲೆ ಬರುವುದು. ಮಡಿಕೇರಿ ಮೋಡದೊಳಗೆ ಮುಳುಗಿದ್ದಾಗಲೂ ಸುಂಟಿಕೊಪ್ಪ ದಾಟಿದರೆ ಮಳೆ ತೆಳ್ಳಗಾಗುತ್ತದೆ. ಕುಶಾಲನಗರದಲ್ಲಿ ಗಾಳಿ, ಮೋಡದ ಸಂದಿನಿಂದ ಬಿಸಿಲು. ಒಂದೇ ಜಿಲ್ಲೆ, ಒಂದು ಗಂಟೆಯ ದಾರಿ.

ಜನ ನಕ್ಕರು. "ಏನು ದಯಣ್ಣ, ನಮ್ಮ ಬೆಡ್‌ಶೀಟಿಗೆ ದಿನಾ ಟೂರು, ನಾವು ಮಾತ್ರ ಇಲ್ಲೇ ಚಳಿಗೆ ಸಾಯ್ಬೇಕಾ?" ಎಂದು ಒಬ್ಬ ಹೋಂಸ್ಟೇ ಮಾಲೀಕರು ತಮಾಷೆ ಮಾಡುತ್ತಿದ್ದರು. "ಬನ್ನಿ ಸಾರ್, ನಿಮ್ಮನ್ನೂ ಒಗ್ದು ಹರವ್ತೇನೆ" ಎನ್ನುತ್ತಿದ್ದರು ಇವರು.

ಹಾಗೆ ಕೆಲವು ಮಳೆಗಾಲ ಕಳೆದವು. ನಾನು ಬರೆಯಲು ಕೂತದ್ದು ಅವುಗಳಲ್ಲಿ ಕೊನೆಯದರ ಬಗ್ಗೆ.

ಆ ವರ್ಷ ಮಳೆ ಹಿಡಿದ ಮೇಲೆ ಇವರು ಪ್ರತಿ ಸಂಜೆ ಒಂದೇ ಮಾತು ತೆಗೆಯತೊಡಗಿದರು. ಕುಶಾಲನಗರಕ್ಕೆ ಹೋಗಿಬಿಡೋಣ. ಮಡಿಕೇರಿಯಿಂದ ಎಷ್ಟೋ ಜನ ಆಗಲೇ ಇಳಿದು ಹೋಗಿದ್ದರು. ಗುಡ್ಡ ಜರಿದ ವರ್ಷದ ಭಯದಿಂದ ಹೋದವರು ಕೆಲವರು, ಮಂಡಿನೋವಿನಿಂದ ಹೋದವರು ಕೆಲವರು. ಅಲ್ಲಿ ದಿನಕ್ಕೊಂದು ಬಡಾವಣೆ ಏಳುತ್ತಿತ್ತು. ನಮ್ಮ ಬಟ್ಟೆ ಒಣಗುತ್ತಿದ್ದ ತಾರಸಿ ಅಂಥದೇ ಒಂದು ಬಡಾವಣೆಯದು, ಗೌರಮ್ಮ ಎಂಬವರದು. ಅವರ ಮಾವನ ಕಾಲದಲ್ಲಿ ಹಾಸನ ಕಡೆಯಿಂದ ಬಂದು ನೆಲೆಸಿದ ಒಕ್ಕಲು ಮನೆತನ. ಮನೆಯ ಪಕ್ಕದಲ್ಲಿ ಬಾಡಿಗೆಗೆಂದು ಒಂದು ಪುಟ್ಟ ಮನೆ ಕಟ್ಟಿಸಿ ಖಾಲಿ ಬಿಟ್ಟಿದ್ದರು. ಇವರ ಕಣ್ಣು ಅದರ ಮೇಲೆ.

ಸಂಜೆ ಒದ್ದೆ ಮೆಟ್ಟಿಲು ಹತ್ತಿ ಬಂದು, ಒಣಗಿದ ಬಟ್ಟೆಯ ಗಂಟನ್ನು ನನ್ನ ಮಡಿಲಿಗೆ ಹಾಕಿ, "ಹಿಡಿ ಕುಶಾಲನಗರ" ಎನ್ನುತ್ತಿದ್ದರು. ಗಂಟಿನ ನಡುವೆ ಸ್ವಲ್ಪ ಬೆಚ್ಚಗಿರುತ್ತಿತ್ತು. ಇಡೀ ದಿನ ನೀರಲ್ಲಿದ್ದು ಬಿರಿದ ಕೈಗಳನ್ನು ನಾನು ಅದರೊಳಗೆ ತೂರಿಸಿ ಕೂರುತ್ತಿದ್ದೆ.

"ಇವತ್ತು ಚಪ್ಪಲಿ ಇಲ್ದೆ ತಾರಸಿ ಮೇಲೆ ನಿಲ್ಲೋಕಾಗ್ಲಿಲ್ಲ ಮಾರಾಯ್ತಿ. ಅಷ್ಟು ಬಿಸಿಲು."

"ಸುಳ್ಳು."

"ಸುಳ್ಳಾದ್ರೆ ಕಾಲು ನೋಡು."

ಅವರ ಅಂಗಾಲಿನಲ್ಲಿ ಮಡಿಕೇರಿಯ ಕೆಸರು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ.

"ಅಲ್ಲಿ ಹೋಗಿ ಒಗೆಯೋಕೆ ನೀರೆಲ್ಲಿ? ದಿನ ಬಿಟ್ಟು ದಿನ ನಲ್ಲಿ ಬರೋದು, ನೀವೇ ಹೇಳಿದ್ದು" ಎನ್ನುತ್ತಿದ್ದೆ ನಾನು. "ಬಿಸಿಲನ್ನ ಕುಡಿಯೋಕಾಗ್ತದಾ?"

"ನಿನ್ನ ಆ ನೀರಲ್ಲಿ ಅದ್ದೀ ಅದ್ದೀ ಕೈ ನೋಡು, ಮೊಸಳೆ ಚರ್ಮ ಆಗಿದೆ. ಅಲ್ಲಿ ರಸ್ತೆ ಸಪಾಟು ಲೀಲಾ. ನಾಳೆ ಏನಾದ್ರೂ ಆದ್ರೆ ಆಂಬುಲೆನ್ಸು ಬಾಗಿಲಿಗೇ ಬರ್ತದೆ. ಇಲ್ಲಿ ನನ್ನನ್ನ ಯಾರು ಮೆಟ್ಟಿಲು ಇಳಿಸ್ತಾರೆ?"

"ನಿಮ್ಮ ಬಾಯಿಗೆ ಬೇರೆ ಮಾತು ಬರೋದಿಲ್ವಾ?"

ಮಗಳು ದಿವ್ಯ ಕಾಲೇಜಿನ ಪುಸ್ತಕ ಹಿಡಿದು ಒಲೆ ಪಕ್ಕ ಕೂತಿರುತ್ತಿದ್ದಳು. "ಇಬ್ರೂ ಓಟು ಹಾಕಿ, ನಾನು ಎಣಿಸ್ತೇನೆ" ಎನ್ನುತ್ತಿದ್ದಳು.

ನನಗೆ ಆ ಊರಿನ ಮೇಲೆ ದ್ವೇಷವೇನೂ ಇರಲಿಲ್ಲ. ಸಪಾಟು ನೆಲದಲ್ಲಿ ಕಣ್ಣು ಎಲ್ಲಿ ಇಡುವುದೆಂದು ನನಗೆ ಗೊತ್ತಾಗುವುದಿಲ್ಲ, ಅಷ್ಟೇ. ಇಲ್ಲಿ ಬಾಗಿಲು ತೆಗೆದರೆ ಗುಡ್ಡ ಎದುರಿಗೆ ನಿಂತಿರುತ್ತದೆ. ಮತ್ತೆ ಆ ಒರತೆ. ಮದುವೆಯಾಗಿ ಬಂದ ಹೊಸದರಲ್ಲಿ ಅದರ ಸದ್ದಿಗೆ ನಿದ್ದೆ ಬರುತ್ತಿರಲಿಲ್ಲ, ಆಮೇಲೆ ಅದಿಲ್ಲದೆ ನಿದ್ದೆ ಬಾರದಂತಾಯಿತು. ಮಳೆ ಕಳೀಲಿ, ಆಮೇಲೆ ನೋಡೋಣ ಎನ್ನುತ್ತಿದ್ದೆ. ಅವರೂ ಸರಿ ಎನ್ನುತ್ತಿದ್ದರು. ಮಾರನೆಯ ಸಂಜೆ ಮತ್ತೆ ಅದೇ.

ಸಂಪಾಜೆಯಲ್ಲಿ ಬಾವನ ಜೊತೆ, ಅಂದರೆ ಇವರ ಅಣ್ಣನ ಜೊತೆ, ಇದ್ದ ಅತ್ತೆ ಒಮ್ಮೆ ಬಂದಾಗ ಇವರು ವಿಷಯ ಎತ್ತಿದರು. ಅತ್ತೆಗೆ ಸಂಪಾಜೆ ಕಡೆಯ ಅರೆಭಾಷೆ ಬಿಟ್ಟು ಬೇರೆ ಬಾರದು. "ಅದೂ ಒಂದು ಊರಾ? ನೆಳ್ಳಿಗೆ ಒಂದು ಮರ ಉಟ್ಟಾ?" ಎಂದರು. "ಇಲ್ಲಿ ಗುಡ್ಡ ಜರಿತದೆ ಅಂತ ಅಲ್ಲಿಗೆ ಹೋಗುದು, ಅಲ್ಲಿ ಹೊಳೆ ಮನೆ ಒಳಗೆ ಬಾತ್ ಅಂತ ಇಲ್ಲಿಗೆ ಬರುದು. ಓಡಾಡ್ತಾ ಇರಿ, ನಿಮಗೆ ಬೇರೆ ಎಂಥ ಕೆಲಸ ಉಟ್ಟು?"

ಇವರು ನಕ್ಕರು. ಕಾವೇರಿ ಉಕ್ಕಿದ ವರ್ಷ ಅಲ್ಲಿನ ಕೆಲವು ಬಡಾವಣೆಗಳಿಗೆ ನೀರು ನುಗ್ಗಿದ್ದು ನಿಜ. "ಗೌರಮ್ಮನ ಮನೆ ಎತ್ತರದಲ್ಲಿದೆ ಅವ್ವ" ಎಂದರು.

ಆಷಾಢ ಮುಗಿಯುತ್ತಾ ಬಂದಿತ್ತು. ಒಂದು ಬೆಳಿಗ್ಗೆ ಇವರು ಮಂಜಿನಲ್ಲೇ ಹೊರಟರು. ಕೆಳಗೆ ರಸ್ತೆಯಲ್ಲಿ ಓಮ್ನಿ ಹೊರಟ ಸದ್ದು ಕೇಳಿತು, ಗಾಡಿ ಕಾಣಲಿಲ್ಲ. ನಾನು ಮಾರನೆಯ ದಿನದ ಬಟ್ಟೆ ನೆನೆಹಾಕಿದೆ. ಮಧ್ಯಾಹ್ನ ಗೌರಮ್ಮನ ಫೋನು ಬಂತು. ನನ್ನ ಕೈ ತುಂಬ ಸೋಪಿನ ನೊರೆ, ದಿವ್ಯ ತೆಗೆದು ನನ್ನ ಕಿವಿಗೆ ಹಿಡಿದಳು.

"ಲೀಲಮ್ಮ, ಯಾರನ್ನಾರ ಜೊತೇಲಿ ಕರ್ಕಂಡ್ ಬಾರವ್ವ" ಎಂದರು. ಫೋನಿಟ್ಟರು.

ಪಕ್ಕದ ಮನೆಯವರ ಕಾರಿನಲ್ಲಿ ಹೋದೆವು. ಕೆದಕಲ್‌ವರೆಗೂ ಮಳೆ ಗಾಜಿಗೆ ಬಡಿಯುತ್ತಿತ್ತು. ಸುಂಟಿಕೊಪ್ಪದಲ್ಲಿ ಹನಿ. ಆನೆಕಾಡಿನಾಚೆ ರಸ್ತೆ ಒಣಗಿತ್ತು. ಕುಶಾಲನಗರ ಮುಟ್ಟುವಾಗ ಇವರು ಹೇಳುತ್ತಿದ್ದಂಥದೇ ಬಿಸಿಲು. ಅದರ ಮೇಲೆ ನನಗೆ ಬಂದ ಸಿಟ್ಟನ್ನು ಈಗಲೂ ಮರೆತಿಲ್ಲ.

ಇವರನ್ನು ಆಗಲೇ ಆಸ್ಪತ್ರೆಗೆ ಒಯ್ದಿದ್ದರು, ಅಲ್ಲಿ ಮಾಡುವುದೇನೂ ಉಳಿದಿರಲಿಲ್ಲ. ಹೃದಯ ನಿಂತಿದೆ ಎಂದರು. ತಾರಸಿಯಲ್ಲಿ ಹರವಿದ ಬಟ್ಟೆಗಳ ನಡುವೆ, ಅಡ್ಡಗೋಡೆಗೆ ಒರಗಿ ಕೂತಿದ್ದರಂತೆ. ಕಾಫಿಗೆ ಕರೆಯಲು ಹತ್ತಿದ ಗೌರಮ್ಮ, ತೂಕಡಿಸ್ತಾ ಇದ್ದಾರೆ ಎಂದುಕೊಂಡು ಸದ್ದಿಲ್ಲದೆ ಕೆಳಗಿಳಿದರಂತೆ. ಕಾಫಿ ಆರಿದ ಮೇಲೆ ಮತ್ತೆ ಹತ್ತಿದಾಗ ತಿಳಿಯಿತು.

ಆ ದಿನದ ಬಟ್ಟೆಗಳನ್ನು ಗೌರಮ್ಮ ಮತ್ತು ಅವರ ಸೊಸೆ ಒಣಗಿಸಿ, ಮಡಚಿ, ಎರಡು ದಿನದ ಮೇಲೆ ಯಾರದೋ ಗಾಡಿಯಲ್ಲಿ ಕಳಿಸಿದರು. ಇವರು ಬೆಡ್‌ಶೀಟಿನ ಅಂಚುಗಳನ್ನೆಲ್ಲ ಒಳಗೆ ಸೇರಿಸಿ, ಹೊರಗೆ ಒಂದೇ ಮಡಿಕೆ ಕಾಣುವಂತೆ ಮಡಚುತ್ತಿದ್ದರು. ಗೌರಮ್ಮ ಕಳಿಸಿದವು ಸೀರೆ ಮಡಚುವ ಹಾಗೆ ಮಡಚಿದವಾಗಿದ್ದವು. ಸಾವಿನ ಮನೆಗೆ ಬಂದವರೆಲ್ಲ ಅತ್ತಾಗ ಬಾರದ ಅಳು ಆ ಗಂಟು ಬಿಚ್ಚಿದಾಗ ಬಂತು.

ಮಣ್ಣು, ಉತ್ತರಕ್ರಿಯೆ ಎಲ್ಲ ಸಂಪಾಜೆಯ ಬಾವನ ಜಾಗದಲ್ಲಿ ಆಯಿತು. ಒಂದು ಮಾತ್ರ ಉಳಿಯಿತು. ನಮ್ಮಲ್ಲಿ ಸತ್ತವರನ್ನು ಒಳಗೆ ಕರೆಯುವುದು ಅಂತ ಇದೆ. ಹೊರಗೆ ಹೋಗಿ ಪ್ರಾಣ ಬಿಟ್ಟವರಾದರೆ, ಬಿಟ್ಟ ಜಾಗಕ್ಕೇ ಹೋಗಿ ಕರೆಯಬೇಕು. ದಾರಿಯುದ್ದಕ್ಕೂ ಜೊತೆಯಲ್ಲಿ ಬರುವವರಿಗೆ ಹೇಳುವಂತೆ ಹೇಳುತ್ತಾ ತರಬೇಕು, ಸೇತುವೆ ಬಂತು, ತಿರುವು ಬಂತು ಎಂದು. ಮನೆಗೆ ಬಂದ ಮೇಲೆ ಹೊಸಿಲು ದಾಟಿಸಿ, ಒಳಗೆ ಎಲೆ ಹಾಕಿ ಬಡಿಸಬೇಕು. ಅಲ್ಲಿಂದ ಮೇಲೆ ಅವರು ಆ ಮನೆಯವರು. ದೀಪಾವಳಿಗೆ ಹಿರಿಯರಿಗೆ ಎಡೆ ಇಡುವಾಗ ಅವರಿಗೂ ಪಾಲು.

ಅತ್ತೆ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಹೇಳಿದರು, "ನೋಡ್ ಗೂಡೆ, ದೀಪಾವಳಿ ಒಳಗೆ ಅಂವನ ಕರಿಯೊಕು. ಇಲ್ಲಾಂದ್ರೆ ಎಲ್ಲರೂ ಒಳಗೆ ಉಣ್ಣುವಾಗ ಅಂವ ಹೊರಗೆ ನಿಲ್ಲೊಕಾದೆ. ಆದ್ರೆ ಒಂದು. ಕರ್ದ ಮೇಲೆ ಆ ಮನೆಗೆ ಬೀಗ ಹಾಕಿಕ್ಕೆ ಹೋಗುವಂಗಿಲ್ಲೆ. ಎಲ್ಲಿ ಇರ್ತೀ ಅಂತ ನೀ ಮೊದ್ಲು ತೀರ್ಮಾನ ಮಾಡು. ಆಮೇಲೆ ಕರಿ."

ಇದ್ದಾಗ ಮುಗಿಯದ ಚರ್ಚೆ ಹೀಗೆ ನನ್ನೊಬ್ಬಳ ತಲೆಯ ಮೇಲೆ ಬಂತು.

ಬಾವ ಕುಶಾಲನಗರವೇ ಸರಿ ಎಂದರು. "ಆ ಬರೆ ಬುಡದಲ್ಲಿ ಹೆಂಗಸರು ಇಬ್ಬರೇ ಹೇಗೆ ಇರ್ತೀರಿ? ನಂಗೆ ರಾತ್ರಿ ಮಳೆ ಜೋರಾದ್ರೆ ನಿದ್ರೆ ಬರೋದಿಲ್ಲ." ಹೋಂಸ್ಟೇಯವರು ಒಬ್ಬೊಬ್ಬರಾಗಿ ಬಟ್ಟೆಯನ್ನು ಬೇರೆ ಕಡೆ ಕೊಡತೊಡಗಿದರು. ಅವರ ತಪ್ಪಲ್ಲ. ನಾನು ಒಗೆಯಬಲ್ಲೆ, ಒಣಗಿಸುವವರು ಎಲ್ಲಿ? ದಿವ್ಯಳನ್ನು ಕೇಳಿದೆ.

"ನಂಗೆ ಅಲ್ಲಿಗೆ ಹೋಗೋಕೂ ಭಯ ಅಮ್ಮ, ಇಲ್ಲಿರೋಕೂ ಭಯ. ನೀನು ಯಾವ್ದು ಹೇಳ್ತೀಯೋ ಅದಕ್ಕೆ ಹೆದರ್ತೇನೆ" ಎಂದಳು. ಅಪ್ಪನ ಬಾಯಿ ಅವಳಿಗೆ.

ಶ್ರಾವಣ ಕಳೆಯಿತು, ಭಾದ್ರಪದ ಕಳೆಯಿತು. ನಾನು ತೊಟ್ಟಿಯ ಬಳಿ ಕೂತು ನೀರು ತುಂಬಿ ಹೊರಗೆ ಚೆಲ್ಲುವುದನ್ನು ನೋಡುತ್ತಿದ್ದೆ. ಒಗೆಯಲು ಏನೂ ಇರಲಿಲ್ಲ. ಇವರಿಗೆ ಅಲ್ಲಿಗೆ ಹೋಗಬೇಕು ಎಂದಿತ್ತು, ಆದ್ದರಿಂದ ಹೋಗುವುದು ಸರಿ ಎಂದು ಒಂದು ದಿನ ಅನ್ನಿಸುತ್ತಿತ್ತು. ಇವರನ್ನು ತಿಂದುಹಾಕಿದ ಊರು ಅದು, ಅಲ್ಲಿ ಹೇಗೆ ಅನ್ನ ಬೇಯಿಸಲಿ ಎಂದು ಮಾರನೆಯ ದಿನ. ಕೊನೆಗೆ ನವರಾತ್ರಿ ಮುಗಿದ ಮೇಲೆ, ಇಲ್ಲೇ ಇರುತ್ತೇನೆ ಎಂದು ಬಾವನಿಗೆ ಹೇಳಿ ಕಳಿಸಿದೆ. ಒಂದು ಮನೆಯ ಅಡಿಗೆ ಕೆಲಸವಾದರೂ ಸಿಗುತ್ತದೆ. ಗುಡ್ಡ ಇಷ್ಟು ವರ್ಷ ನಿಂತಿದೆ, ನಿಲ್ಲಲಿ. ಇವರನ್ನು ಇಲ್ಲಿಗೇ ಕರೆಯೋಣ.

ದಿನ ನೋಡಿದರು. ಆ ಬೆಳಿಗ್ಗೆ ಬಾವನ ಜೀಪು ಸಂಪಾಜೆಯಿಂದ ಹತ್ತಿ ಬಂತು. ಅತ್ತೆ ನಸುಕಿಗೇ ಎದ್ದು ತಾವೇ ಮಾಡಿದ ಕಡುಬು, ಕೋಳಿ ಸಾರು ಪಾತ್ರೆಗಳಲ್ಲಿದ್ದವು. ಜಡಿಮಳೆಗೆ ಮೆಟ್ಟಿಲು ಜಾರುತ್ತಿತ್ತು. ಈಗಲೇ ಹೊತ್ತು ಹತ್ತುವುದು ಬೇಡ, ಕರೆದುಕೊಂಡು ಬಂದ ಮೇಲೆ ಇಳಿಸಿದರಾಯಿತು ಎಂದು ಪಾತ್ರೆಗಳನ್ನು ಜೀಪಿನಲ್ಲೇ ಬಿಟ್ಟರು. ನಾನೂ ದಿವ್ಯಳೂ ಒಳಗೆ ಒರೆಸಿ, ರಂಗೋಲಿ ಹಾಕಿ, ದೀಪಕ್ಕೆ ಬತ್ತಿ ಇಟ್ಟು ಹೊರಟೆವು.

ಗೌರಮ್ಮ ಗೇಟಿನಲ್ಲೇ ಕಾಯುತ್ತಿದ್ದರು. "ಬಾರವ್ವ, ಒಳಿಕ್ ಬಾ. ಮೊದ್ಲು ಒಂದ್ಲೋಟ ಕಾಫಿ ಕುಡಿ" ಎಂದು ನನ್ನ ಕೈ ಹಿಡಿದರು. ಅತ್ತೆಗೆ ಅವರ ಮಾತು ಪೂರ್ತಿ ತಿಳಿಯದು, ಅವರಿಗೆ ಅತ್ತೆಯದು ತಿಳಿಯದು. ಆದರೂ ಇಬ್ಬರೂ ಜಗಲಿಯಲ್ಲಿ ಕೂತು ಮಾತಾಡತೊಡಗಿದರು.

"ಇಲ್ಲಿ ನಮ್ಮತ್ತೆ ರಾಗಿ ಕುಯ್ತಿದ್ರು ಕಣಮ್ಮ. ಈಗ ನೋಡಿ, ಎದುರುಗಡೆ ಜಿಮ್ಮು. ಬೆಳಗಾಗೆದ್ದು ಕಬ್ಬಿಣ ಎತ್ತಾಕ್ತವೆ. ಆ ಕೈಯಲ್ಲಿ ಕುಡುಗೋಲು ಕೊಟ್ಟಿದ್ರೆ ಹೊಲನಾದ್ರೂ ಉಳೀತಿತ್ತು."

"ಎಂಥದು? ಕಬ್ಬಿಣ ಮಾರುವ ಅಂಗಡಿಯಾ?" ಎಂದು ಅತ್ತೆ ಬಾವನನ್ನು ಕೇಳಿದರು.

ಕಾಫಿ ಕೊಡುವಾಗ ಗೌರಮ್ಮನ ಕಣ್ಣು ತುಂಬಿತು. "ಇದೇ ಲೋಟ ಕಣವ್ವ ಅವ್ರುದ್ದು. ಬಟ್ಟೆ ಒಣಗಿದ್ರೆ ಸಾಕು, ಕಾಫಿ ಆರೋಗಂಟ ಕೂರ್ತಿರ್ಲಿಲ್ಲ. ಸುಡ್ತಾ ಸುಡ್ತಾ ಕುಡ್ದು ಓಡೋರು. ಒಂದಿನ ಇಲ್ಲೇ ಉಳ್ಕಳಪ್ಪ, ಎಂಥಾ ಮಳೆ ಅಲ್ಲಿ ಅಂದ್ರೆ, 'ಇಲ್ಲ ಗೌರಮ್ಮ, ಅವ್ಳು ಬಾಗಿಲಲ್ಲಿ ನಿಂತಿರ್ತಾಳೆ' ಅನ್ನೋರು. ಇಳಿಯೋವಾಗ ಸುಖ, ಹತ್ತೋವಾಗ್ಲೇ ಯಾಕೋ ಉಸಿರು ಕಟ್ತದೆ, ಮೆಟ್ಲು ಮಧ್ಯ ಕೂತು ಹೋಗ್ತೀನಿ ಅಂತಾನೂ ಒಂದ್ಸಲ ಅಂದ್ರು. ಆಸ್ಪತ್ರೆಗೆ ತೋರ್ಸಪ್ಪ ಅಂದೆ. ಮಳೆ ಕಳೀಲಿ ಅಂದ್ರು."

ಮೆಟ್ಟಿಲಿನ ನಡುವೆ ಅವರು ಕೂರುತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಮಂಜಿನಲ್ಲಿ ಬಾಗಿಲಿನಿಂದ ಮೆಟ್ಟಿಲು ಕಾಣುವುದಿಲ್ಲ. ಕೆಳಗೆ ಓಮ್ನಿ ನಿಂತ ಸದ್ದು ಕೇಳುತ್ತಿತ್ತು, ಆಮೇಲೆ ಬಹಳ ಹೊತ್ತಿಗೆ ಅವರು ಬರುತ್ತಿದ್ದರು. ಯಾರ ಜೊತೆಯೋ ಮಾತಾಡುತ್ತಾ ನಿಂತಿದ್ದಾರೆ ಎಂದುಕೊಳ್ಳುತ್ತಿದ್ದೆ.

ತಾರಸಿ ಹತ್ತಿದೆವು. ಅವರು ಇದ್ದಷ್ಟು ಕಾಲ ನಾನು ಅಲ್ಲಿಗೆ ಹತ್ತಿರಲಿಲ್ಲ, ಒಗೆಯುವವಳಿಗೆ ಒಣಗಿಸುವ ಕಡೆ ಬರಲು ಪುರುಸೊತ್ತು ಎಲ್ಲಿ? ಅಗಲವಾದ ತಾರಸಿ. ಅವರು ಕಟ್ಟಿದ ನೈಲಾನ್ ಹಗ್ಗಗಳು ಹಾಗೇ ಇದ್ದವು. ಒರಗಿದ್ದ ಅಡ್ಡಗೋಡೆಯ ಜಾಗವನ್ನು ಗೌರಮ್ಮ ಕೈಯಲ್ಲಿ ತೋರಿಸಿ ಹಿಂದೆ ಸರಿದರು. ಗಾಳಿ ಬೀಸುತ್ತಿತ್ತು. ಪಡುವಣದ ಕಡೆ ನಮ್ಮ ಗುಡ್ಡಗಳು ಇರಬೇಕಾದ ಜಾಗದಲ್ಲಿ ಕಪ್ಪಗೆ ಮೋಡ, ಮಳೆ ಹೊಯ್ಯುತ್ತಿರುವುದು ಇಲ್ಲಿಂದಲೇ ಕಾಣುತ್ತಿತ್ತು.

ಅತ್ತೆ ನನ್ನ ಕೈಗೆ ನೀರು ತುಂಬಿದ ತಂಬಿಗೆ ಕೊಟ್ಟರು. ಇವರ ಒಂದು ಅಂಗಿಯನ್ನು ಮಡಚಿ ನನ್ನ ಹೆಗಲ ಮೇಲೆ ಹಾಕಿದರು. "ಕರಿ. ಮನೆಗೆ ಹೋಗೋಣ ಬನ್ನಿ ಅಂತ ಹೇಳ್. ಅಳ್ಬೇಡ, ಅತ್ರೆ ಅಂವಗೆ ದಾರಿ ಕಾಣುಲೆ."

ನಾನು ಬಾಯಿ ತೆರೆದೆ. ಮುಂದಿನ ದಾರಿಯೆಲ್ಲ ಒಮ್ಮೆಲೆ ಕಣ್ಣಿಗೆ ಬಂತು. ಆನೆಕಾಡು, ಸುಂಟಿಕೊಪ್ಪ, ಕೆದಕಲ್, ಮಂಜು, ರಸ್ತೆಯಂಚು, ಆಮೇಲೆ ಆ ಮೆಟ್ಟಿಲು. ಅಲ್ಲಿ ನಾನು ನಿಂತು, ಮೆಟ್ಟಿಲು ಬಂತು, ಹತ್ತಿ ಎಂದು ಅವರಿಗೆ ಹೇಳಬೇಕು. ಎಷ್ಟು ಸಂಜೆ ಅವರು ನನ್ನ ಕಡೆಗೆ ಹತ್ತಿ ಬಂದಿದ್ದರು. ಒಂದು ಸಲವೂ ನಾನು ಅವರ ಕಡೆಗೆ ಇಳಿದು ಬಂದಿರಲಿಲ್ಲ. ಕರೆದರೆ ಬರುತ್ತಿದ್ದರು, ಅದರಲ್ಲಿ ನನಗೆ ಸಂಶಯವಿರಲಿಲ್ಲ. ಮಧ್ಯದಲ್ಲಿ ಕೂತು ಉಸಿರು ತೆಗೆದುಕೊಂಡಾದರೂ ಬರುತ್ತಿದ್ದರು.

"ಅತ್ತೆ," ಎಂದೆ, "ಇವರನ್ನ ಇನ್ನೊಂದು ಸಲ ಹತ್ತಿಸೋದು ಬೇಡ."

"ಎಂಥ?"

"ನಾನೇ ಇಳಿದು ಬರ್ತೇನೆ. ಇಲ್ಲೇ ಕರೆಯೋಣ. ಪಕ್ಕದ ಮನೆಗೆ."

ಬಾವ ನನ್ನನ್ನೇ ನೋಡಿದರು. "ಏನು ಲೀಲಾ ಹೀಗೆ? ಅಲ್ಲಿ ಎಲ್ಲ ತಯಾರು ಮಾಡಿಟ್ಟು ಬಂದು…"

ಅತ್ತೆ ಕೈ ಎತ್ತಿ ಅವರನ್ನು ತಡೆದರು. ಸೆರಗಿನಿಂದ ಮುಖದ ಬೆವರು ಒರೆಸಿಕೊಂಡರು. ಆ ಬಿಸಿಲಿಗೆ ಅವರ ಮುಖ ಕೆಂಪಾಗಿತ್ತು.

"ಬೀಗ ಹಾಕಿಕ್ಕೆ ಹೋಗುದಿಲ್ಲೆ ತಾನೆ?"

"ಇಲ್ಲ ಅತ್ತೆ."

"ಹಾಲು ಉಕ್ಕಿಸಿದ ಮನೆಯಾ ಅದು?"

ನಾನು ಗೌರಮ್ಮನ ಮುಖ ನೋಡಿದೆ. ಅದುವರೆಗೆ ಯಾರೂ ಇರದ ಮನೆ, ಹಾಲು ಎಲ್ಲಿಂದ ಉಕ್ಕಬೇಕು? ಅತ್ತೆಯ ಮಾತಿನಲ್ಲಿ ಅವರಿಗೆ ಹಾಲು ಎಂಬುದೊಂದೇ ಅರ್ಥವಾಗಿತ್ತು. "ಹಾಲು ತಾನೆ? ಇರೀ, ಈಗ್ ತಂದೆ" ಎಂದು ದಡಬಡ ಮೆಟ್ಟಿಲಿಳಿದರು.

"ಹಾಲು ಉಕ್ಕದ ಮನೆಗೆ ಹಿರಿಯರ ಕರಿತೊಳೆ. ಎಂಥ ಹೆಣ್ಣು ಕಟ್ಟಿಕಂಡೆ ಮಗ ನೀನ್" ಎಂದು ಅತ್ತೆ ಅಡ್ಡಗೋಡೆಯ ಕಡೆ ತಿರುಗಿ ಹೇಳಿದರು. ಆಮೇಲೆ ಅಲ್ಲೇ, ಆ ಜಾಗದ ಪಕ್ಕ, ನೆಲದ ಮೇಲೆ ಕೂತರು. "ನೀ ಹೋಗಿ ಹಾಲು ಉಕ್ಕಿಸಿಕಂಡ್ ಬಾ. ನಾನ್ ಅಂವನ ಹತ್ರ ಕೂತಿರ್ತೆ. ಬೇಗ ಬಾ, ನೆಳ್ಳೂ ಇಲ್ಲೆ ಇಲ್ಲಿ."

ಪುಟ್ಟ ಮನೆ, ಗೌರಮ್ಮನೇ ಬೀಗ ತೆಗೆದುಕೊಟ್ಟರು. ಎರಡು ಕೋಣೆ, ಒಂದು ಅಡಿಗೆಮನೆ. ಸುಣ್ಣದ, ಸಿಮೆಂಟಿನ ವಾಸನೆ. ಬಾವ ಪಕ್ಕದ ಸೈಟಿನಿಂದ ಮೂರು ಇಟ್ಟಿಗೆ ತಂದರು. "ಕದ್ದ ಇಟ್ಟಿಗೆಯಲ್ಲಿ ಹಾಲು ಉಕ್ಕಿಸಿದ್ರೆ ಆಗ್ತದಾ ದೊಡ್ಡಪ್ಪ?" ಎಂದಳು ದಿವ್ಯ. "ವಾಪಸ್ ಇಡ್ತೇನೆ ಮಾರಾಯ್ತಿ, ನೀನು ಊದು" ಎಂದರು. ತೆಂಗಿನ ಗರಿ ಒಣಗಿತ್ತು, ಥಟ್ಟನೆ ಹತ್ತಿಕೊಂಡಿತು. ಹಾಲು ಮೂಡಣಕ್ಕೆ ಉಕ್ಕಿತು. ಗೌರಮ್ಮ ಅಲ್ಲೇ ನಿಂತು ಕೈ ಮುಗಿದರು. ಬಾವ ಜೀಪಿನಿಂದ ಪಾತ್ರೆ ಇಳಿಸಿದರು, ದಿವ್ಯ ಒಳಗೋಣೆಯಲ್ಲಿ ಎಲೆ ಹಾಕಿದಳು.

ಮತ್ತೆ ತಾರಸಿ ಹತ್ತಿದೆ. "ಬನ್ನಿ, ಮನೆಗೆ ಹೋಗೋಣ. ದೂರ ಇಲ್ಲ" ಎಂದೆ. ತಂಬಿಗೆ ಹಿಡಿದು ಮುಂದೆ ನಡೆದೆ, ಅತ್ತೆ ಹಿಂದೆ. ದಾರಿಯಲ್ಲಿ ಹೇಳಲು ಸೇತುವೆ ಇರಲಿಲ್ಲ, ತಿರುವು ಇರಲಿಲ್ಲ. ಮೆಟ್ಟಿಲು ಇಳೀತಾ ಇದ್ದೇವೆ ಎಂದೆ. ಗೇಟು ಬಂತು ಎಂದೆ. ಇಲ್ಲಿ ಜಲ್ಲಿ ಹಾಕಿದ್ದಾರೆ, ನೋಡಿ ನಡೀರಿ ಎಂದೆ. ಹೊಸಿಲ ಬಳಿ ನೀರು ಬಿಟ್ಟು, ಬಲಗಾಲಿಟ್ಟು ಒಳಗೆ ಹೋದೆ.

ಬಡಿಸಿದ ಮೇಲೆ ಬಾಗಿಲು ಮುಂದೆ ಮಾಡಿ ಬದುಕಿರುವವರು ಹೊರಗೆ ಬರಬೇಕು, ಒಳಗೆ ಕರೆದವರು ಉಣ್ಣುವವರೆಗೆ ಕಾಯಬೇಕು. ನಾನೂ ದಿವ್ಯಳೂ ಹೊಸ ಮನೆಯ ಮೆಟ್ಟಿಲ ಮೇಲೆ ಕೂತೆವು. ಬಾವ ಇಟ್ಟಿಗೆ ವಾಪಸ್ ಇಡಲು ಹೋಗಿದ್ದರು. ಅತ್ತೆ ಗೋಡೆಯ ನೆರಳಿನಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ರಸ್ತೆಯಲ್ಲಿ ಮಕ್ಕಳು ಸೈಕಲ್ ಓಡಿಸುತ್ತಿದ್ದರು. ಒಂದು ಗುರುತಿನ ಮುಖವಿಲ್ಲ. ಎಲ್ಲ ಕಡೆ ಅಷ್ಟು ಬಯಲು, ಅಷ್ಟು ಬೆಳಕು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಅಲ್ಲಿ ಆ ತೊಟ್ಟಿ ತುಂಬಿ ಚೆಲ್ಲುತ್ತಿರುತ್ತದೆ, ಇನ್ನು ಅದನ್ನು ಯಾರೋ ಬಾಡಿಗೆಯವರು ನೋಡಿಕೊಳ್ಳುತ್ತಾರೆ.

ಎದುರು ಮನೆಯ ಹೆಂಗಸು ಕೊಡ ಹಿಡಿದು ಗೇಟಿನ ಬಳಿ ನಿಂತಳು. ನಮ್ಮನ್ನು, ಅತ್ತೆಯನ್ನು, ಜೀಪನ್ನು ನೋಡಿದಳು.

"ಹೊಸದಾಗಿ ಬಂದೋರಾ?"

"ಹೌದು."

"ಯಾವ ಕಡೆಯಿಂದ?"

"ಮಡಿಕೇರಿ."

"ಅಯ್ಯೋ, ಬಿಡಿ, ಒಳ್ಳೇದಾಯ್ತು. ಅಲ್ಲೆಂಥಾ ಮಳೆ! ನಾಳೆ ನೀರು ಬಿಡೋ ದಿನ, ಬೇಗ ಎದ್ದು ಹಿಡ್ಕಳಿ. ಮನೇಲಿ ಎಷ್ಟು ಜನ?"

ದಿವ್ಯ ಏನೋ ಹೇಳಲು ಬಾಯಿ ತೆರೆದಳು.

"ಮೂರು ಜನ" ಎಂದೆ ನಾನು.

ಮಗಳು ನನ್ನ ಕಡೆ ನೋಡಿದಳು. ಮತ್ತೆ ಮುಚ್ಚಿದ ಬಾಗಿಲ ಕಡೆ ನೋಡಿದಳು.